ಟೈಟಾನಿಯಂ ಅಲ್ಯುಮಿನೈಡ್‌ಗೆ ಸೆರಾಮಿಕ್ ಕಣ ಬೆರೆಸಿದೆ, ಬಿಲ್ಲೆ ಸೀಳಿತು: ಏಕೆ?

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿ, ದಾವಣಗೆರೆ):
ಮೇಡಂ, ನಮಸ್ಕಾರ. ಗಾಮಾ ಟೈಟಾನಿಯಂ ಅಲ್ಯುಮಿನೈಡ್ (ಟೈಟಾನಿಯಂ, ಅಲ್ಯುಮಿನಿಯಂ ಕೂಡಿದ ಹಗುರ ಲೋಹ) ಪುಡಿಗೆ ಪರಿಮಾಣದಲ್ಲಿ ಶೇ. 10ರಷ್ಟು ಸಿಲಿಕಾನ್ ಕಾರ್ಬೈಡ್ (ಸಿಲಿಕಾನ್, ಇಂಗಾಲ ಕೂಡಿದ ಸೆರಾಮಿಕ್) ಬೆರೆಸಿ, ಬಾಲ್ ಮಿಲ್‌ನಲ್ಲಿ 20 ಗಂಟೆ ಅರೆದು, 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಕೊಟ್ಟು ಸಿಂಟರ್ ಮಾಡಿದೆ, ಅಂದರೆ ಪುಡಿಯನ್ನು ಕರಗಿಸದೆ ಬಿಲ್ಲೆಯಾಗಿ ಬೆಸೆದೆ. ಗಡಸುತನ ಏರಿತು. ಆದರೆ ಪರೀಕ್ಷೆಗೆಂದು ಕತ್ತರಿಸುವಾಗಲೇ ಬಿಲ್ಲೆ ಸೀಳಿತು. ಎಕ್ಸ್‌-ರೇ ವಿವರ್ತನೆಯಲ್ಲಿ (ಒಳಗೆ ಯಾವ ವಸ್ತುಗಳಿವೆ ಎಂದು ಗುರುತಿಸುವ ಪರೀಕ್ಷೆ) ಸಿಲಿಕಾನ್ ಕಾರ್ಬೈಡಿನ ಸುಳಿವೇ ಹೆಚ್ಚುಕಡಿಮೆ ಇಲ್ಲ. ಪ್ರಮಾಣವನ್ನು ಶೇ. 15ಕ್ಕೆ ಏರಿಸಲೇ?

ಉತ್ತರ (ಲೋಹಶಾಸ್ತ್ರಜ್ಞೆ):
ಖಂಡಿತ ಬೇಡ. ನೀವು ಹಾಕಿದ್ದು ಕಳೆದುಹೋಗಿಲ್ಲ, ಟೈಟಾನಿಯಂ ಅದನ್ನು ತಿಂದಿದೆ. ಅಷ್ಟು ಬಿಸಿಯಲ್ಲಿ ಟೈಟಾನಿಯಂಗೆ ಇಂಗಾಲವನ್ನೂ ಸಿಲಿಕಾನನ್ನೂ ಕಂಡರೆ ಎಲ್ಲಿಲ್ಲದ ಹಸಿವು. ನಿಮ್ಮ ವಿವರ್ತನೆಯ ನಕ್ಷೆಯಲ್ಲಿ ಟೈಟಾನಿಯಂ ಕಾರ್ಬೈಡ್, ಟೈಟಾನಿಯಂ ಸಿಲಿಸೈಡ್, ಟೈಟಾನಿಯಂ ಅಲ್ಯುಮಿನಿಯಂ ಕಾರ್ಬೈಡ್ ಇವೆಯೇ ಎಂದು ಹುಡುಕಿ. ಗಡಸುತನ ಏರಿದ್ದು ಬಹುಮಟ್ಟಿಗೆ ಇವುಗಳಿಂದಲೇ. ಸಿಲಿಸೈಡ್ ಬಲು ಪೆಡಸು, ಬಾಗದೆ ಒಡೆಯುವಂಥದು. ತಾಯಿಲೋಹವಾದ ಅಲ್ಯುಮಿನೈಡೇ ಕೋಣೆಯ ಉಷ್ಣತೆಯಲ್ಲಿ ಎಳೆದಾಗ ಶೇ. 1ರಿಂದ 2ರಷ್ಟು ಉದ್ದವಾಗುವುದರೊಳಗೆ ಮುರಿಯುತ್ತದೆ. ಅದಕ್ಕೆ ಇನ್ನಷ್ಟು ಪೆಡಸು ಕೂಡಿದರೆ ಗರಗಸ ತಾಕಿದಾಗ ಇನ್ನೇನಾದೀತು?

ಇನ್ನೊಂದು ಕಾರಣ ತಣಿಯುವಿಕೆ. ಟೈಟಾನಿಯಂ ಅಲ್ಯುಮಿನೈಡ್ ಒಂದು ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 11 ಪಾಲು ಕುಗ್ಗುತ್ತದೆ, ಸಿಲಿಕಾನ್ ಕಾರ್ಬೈಡ್ 4-5 ಪಾಲು ಮಾತ್ರ. ಕುಲುಮೆಯಿಂದ ತಣಿಯುತ್ತ ಬಂದಂತೆ, ಉಳಿದ ಪ್ರತಿ ಕಣದ ಸುತ್ತಲಿನ ಲೋಹ ಬಿಗಿದ ತಂತಿಯಂತೆ ಎಳೆತಕ್ಕೆ ಸಿಲುಕುತ್ತದೆ. ಕತ್ತರಿಸುವ ಮೊದಲೇ ಅಲ್ಲಿ ಬಿರುಕಿನ ಬೀಜ ಬಿದ್ದಿರುತ್ತದೆ.

ಸಿಲಿಕಾನ್ ಕಾರ್ಬೈಡಿನ ಬದಲು ಟೈಟಾನಿಯಂ ಡೈಬೋರೈಡ್ (ಟೈಟಾನಿಯಂ, ಬೋರಾನ್ ಕೂಡಿದ ಸೆರಾಮಿಕ್) ಹಿಡಿಯಿರಿ. ಈ ಲೋಹದ ಜೊತೆ ಅದು ಜಗಳವಾಡುವುದಿಲ್ಲ. ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ, ಕುಗ್ಗುವಿಕೆ ಸುಮಾರು 8 ಪಾಲು. ಅಮೆರಿಕದ ಮಾರ್ಟಿನ್ ಮ್ಯಾರಿಯೆಟ್ಟಾ 1980ರ ದಶಕದಲ್ಲಿ ರೂಪಿಸಿದ ಎಕ್ಸ್‌ಡಿ ವಿಧಾನದಲ್ಲಿ ಬೋರೈಡನ್ನು ಹೊರಗಿನಿಂದ ಬೆರೆಸುವುದಿಲ್ಲ, ರಾಸಾಯನಿಕ ಕ್ರಿಯೆಯಿಂದ ಒಳಗೇ ಹುಟ್ಟಿಸುತ್ತಾರೆ. ಹೀಗೆ ಹುಟ್ಟಿದ ಕಣದ ಮೈಗೆ ಆಕ್ಸೈಡಿನ ಕೊಳೆ ಅಂಟಿರುವುದಿಲ್ಲ, ಲೋಹಕ್ಕೆ ಅಚ್ಚುಕಟ್ಟಾಗಿ ಕೂಡಿಕೊಂಡಿರುತ್ತದೆ. ಆ ಬಗೆಯ ಹೆಸರಾಂತ ಮಿಶ್ರಲೋಹದಲ್ಲಿ ಬೋರೈಡ್ ಎಷ್ಟು ಗೊತ್ತೇ? ಪರಿಮಾಣದಲ್ಲಿ ಶೇ. 0.8. ನಿಮ್ಮದು ಶೇ. 10!

ಕಾಂಕ್ರೀಟಿನ ಜಲ್ಲಿಯಂತೆ ಕಣ ಭಾರ ಹೊರುತ್ತದೆ ಎಂಬ ಚಿತ್ರ ನಿಮ್ಮ ತಲೆಯಲ್ಲಿದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಅದರ ಮುಖ್ಯ ಕೆಲಸ ಬೇರೆ: ಎರಕ ಗಟ್ಟಿಯಾಗುವಾಗ ಹರಳುಗಳು ದೊಡ್ಡದಾಗಿ ಬೆಳೆಯದಂತೆ ತಡೆಯುವುದು. ಹರಳು ಸಣ್ಣದಾದಷ್ಟೂ ಬಲ ಹೆಚ್ಚು. ಬೋರೈಡ್ ಉದ್ದನೆಯ ಪಟ್ಟಿಗಳಾಗಿ ಬೆಳೆದರೆ ಮಾತ್ರ ಅದೂ ಬಿರುಕಿಗೆ ದಾರಿಯೇ.

ಪ್ರಶ್ನೆ (ಪೀಣ್ಯದಲ್ಲಿ ಯಂತ್ರಭಾಗ ತಯಾರಕ):
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟು ಪೆಡಸಾದ ಲೋಹದ ಹಿಂದೆ ಏಕೆ ಬೀಳಬೇಕು? ನಿಕಲ್ ಮಿಶ್ರಲೋಹ ಇದೆಯಲ್ಲ?

ಉತ್ತರ:
ತೂಕ, ಸ್ವಾಮಿ. ನಿಕಲ್ ಮಿಶ್ರಲೋಹದ ಸಾಂದ್ರತೆ 8ರ ಮೇಲೆ, ಇದರದು ಸುಮಾರು 4. ತಿರುಗುವ ಬ್ಲೇಡ್ ಹಗುರವಾದರೆ ಅದನ್ನು ಹಿಡಿದಿರುವ ಡಿಸ್ಕ್ ಕೂಡ ಹಗುರವಾಗಬಹುದು. ಬೋಯಿಂಗ್ 787ರಲ್ಲಿ ಬಳಸುವ ಜಿಇಎನ್‌ಎಕ್ಸ್ ಎಂಜಿನ್ನಿನ ಕಡಿಮೆ ಒತ್ತಡದ ಟರ್ಬೈನಿನ ಕೊನೆಯ ಎರಡು ಹಂತಗಳಲ್ಲಿ ಈ ಲೋಹದ ಬ್ಲೇಡ್‌ಗಳಿವೆ. ಆದರೆ ಅದರಲ್ಲಿರುವುದು ಕ್ರೋಮಿಯಂ, ನಯೋಬಿಯಂ ಬೆರೆತ ಸಾದಾ ಮಿಶ್ರಲೋಹ, ಸೆರಾಮಿಕ್ ಕಣ ಇಲ್ಲ. ಬಳಕೆಯ ಮಿತಿ ಸುಮಾರು 750 ಡಿಗ್ರಿ. ಅದಕ್ಕಿಂತ ಬಿಸಿಯಾದ ಕಡೆ ನಿಮ್ಮ ನಿಕಲ್‌ಗೇ ಪಟ್ಟ.

ಪ್ರಶ್ನೆ (ವಿದ್ಯಾರ್ಥಿ):
ಧನ್ಯವಾದ ಮೇಡಂ. ಕಾರ್ಬೈಡ್ ಬಿಟ್ಟು ಬೋರೈಡನ್ನು ಶೇ. 1ರಷ್ಟು ಹಾಕಿ, ಉಳಿದದ್ದನ್ನು ಹಾಗೆಯೇ ಮಾಡಲೇ?

ಉತ್ತರ:
ಒಂದು ವಿಷಯ ನೀವು ಬರೆದಿಲ್ಲ. ಅರೆಯುವಾಗ ಪಾತ್ರೆಯಲ್ಲಿ ಆರ್ಗಾನ್ ಇತ್ತೇ, ಗಾಳಿಯೇ?

ವಿದ್ಯಾರ್ಥಿ:
ಗಾಳಿ.

ಉತ್ತರ:
20 ಗಂಟೆ ಗಾಳಿಯಲ್ಲಿ ಅರೆದ ಟೈಟಾನಿಯಂ ಪುಡಿ ಆಮ್ಲಜನಕವನ್ನೂ ಸಾರಜನಕವನ್ನೂ ಹೀರಿಕೊಂಡೇ ಇರುತ್ತದೆ, ಅದೂ ಲೋಹವನ್ನು ಪೆಡಸು ಮಾಡುತ್ತದೆ. ಮುಂದಿನ ಸಲ ಆರ್ಗಾನ್ ತುಂಬಿ, ಹೊತ್ತು ಕಡಿಮೆ ಮಾಡಿ. ಮೊದಲು ಯಾವ ಕಣವನ್ನೂ ಹಾಕದೆ ಬರಿಯ ಲೋಹದ ಬಿಲ್ಲೆಯೊಂದನ್ನು ಮಾಡಿ ಕತ್ತರಿಸಿ ನೋಡಿ. ಅದೇ ಸೀಳಿದರೆ ಬೋರೈಡಿನ ಮಾತು ಆಮೇಲೆ.