ಪದಚರ್ಚೆ: ಕನೆಕ್ಟರಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು?

ಗೆಳೆಯರೇ,

ರಿಮೋಟಿನಲ್ಲಿ ಓಡಿಸುವ ರೇಸ್ ಕಾರಿನ ವೈರಿಂಗ್ ಬಗ್ಗೆ ಹುಡುಗರಿಗಾಗಿ ಎರಡು ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಬ್ಯಾಟರಿ, ಮೋಟಾರು, ಸರ್ವೋ (ಕಾರನ್ನು ಅತ್ತಿತ್ತ ತಿರುಗಿಸುವ ಪುಟ್ಟ ಮೋಟಾರು) ಇವೆಲ್ಲ ಹಾಗೇ ಇರಲಿ. ಅವಕ್ಕೆಲ್ಲ ಹೊಸ ಹೆಸರಿಡುವ ಹಟ ನನಗಿಲ್ಲ. ಸಿಕ್ಕಿಹಾಕಿಕೊಂಡಿರುವುದು ಮೂರು ಮಾತುಗಳಲ್ಲಿ. ಮೊದಲನೆಯದು ಆಗಲೇ ನನ್ನ ಮಾನ ಕಳೆದಿದೆ.

ಕಳೆದ ತಿಂಗಳು ಶಿವಮೊಗ್ಗದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಹೊಸ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಂದಿದ್ದ, ಎರಡು ಸೆಲ್ಲಿನದು, 7.4 ವೋಲ್ಟ್. ಅದರ ವೈರಿನ ತುದಿಯಲ್ಲಿದ್ದ ಕನೆಕ್ಟರ್ (ಎರಡು ಕಡೆಯ ವೈರುಗಳನ್ನು ಸಿಕ್ಕಿಸಿ ಜೋಡಿಸುವ ಕೊಂಡಿ) ಬೇರೆ ಜಾತಿಯದು. ಕಾರಿನ ಇಎಸ್‌ಸಿಯಲ್ಲಿದ್ದದ್ದು (ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡುವ ಡಬ್ಬಿ) ಎಕ್ಸ್‌ಟಿ60. "ಬ್ಯಾಟರಿಯದನ್ನ ತೆಗೆದು ಎಕ್ಸ್‌ಟಿ60 ಹಾಕು. ಒಂದೊಂದೇ ವೈರು ಕತ್ತರಿಸು, ಎರಡೂ ಒಟ್ಟಿಗೆ ಕತ್ತರಿಸಿದರೆ ಕಟರ್‌ನಲ್ಲೇ ಶಾರ್ಟ್ ಆಗುತ್ತೆ. ಬ್ಯಾಟರಿ ಕಡೆಗೆ ಹೆಣ್ಣು ಹಾಕು" ಅಂದೆ. ಎಲ್ಲ ಹೇಳಿದೆ ಅಂದುಕೊಂಡೆ.

ಒಂದು ಗಂಟೆ ಬಿಟ್ಟು ಮತ್ತೆ ಫೋನು. "ಮಾಮ, ಎರಡೂ ಬಾಯಿ ಬಿಟ್ಕೊಂಡು ಎದುರೆದುರು ನಿಂತಿವೆ. ಒಂದಕ್ಕೊಂದು ಹೋಗ್ತಾನೇ ಇಲ್ಲ."

ತಪ್ಪು ಅವನದಲ್ಲ. ಎಕ್ಸ್‌ಟಿ60 ಜೋಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದರ ಹಳದಿ ಪ್ಲಾಸ್ಟಿಕ್ ಇನ್ನೊಂದರ ಒಳಗೆ ಹೋಗಿ ಕೂರುತ್ತದೆ. ಒಳಗೆ ಹೋಗುವುದು ಗಂಡು, ಬಾಯಿ ತೆರೆದಿರುವುದು ಹೆಣ್ಣು ಎಂದು ಯಾರಿಗಾದರೂ ಅನಿಸಬೇಕು, ಅಲ್ವಾ? ಆದರೆ ಒಳಗಿನ ಲೋಹ ನೋಡಿದರೆ ಲೆಕ್ಕ ತಿರುಗುತ್ತದೆ. ಬಾಯಿ ತೆರೆದ ಡಬ್ಬಿಯೊಳಗೆ 3.5 ಮಿಲಿಮೀಟರಿನ ಎರಡು ಚಿನ್ನದ ಬಣ್ಣದ ಪಿನ್ನುಗಳು ನಿಂತಿರುತ್ತವೆ. ಒಳಗೆ ಹೋಗುವ ಪ್ಲಾಸ್ಟಿಕ್ಕಿನಲ್ಲಿ ಇರುವುದು ತೂತುಗಳು. ಮೇಲ್, ಫೀಮೇಲ್ ಎಂದು ಹೆಸರಿಡುವುದು ಲೋಹ ನೋಡಿ. ನನ್ನ ಅಳಿಯ ನೋಡಿದ್ದು ಪ್ಲಾಸ್ಟಿಕ್ಕನ್ನು. ನಾನು ಹೇಳಿದ್ದು ಕನ್ನಡವೇ ಆದರೂ ಅದರಲ್ಲಿ ಏನನ್ನು ನೋಡಬೇಕು ಎನ್ನುವುದೇ ಇರಲಿಲ್ಲ.

ಇದು ಬರೀ ಹೆಸರಿನ ತಂಟೆಯಲ್ಲ. ಬ್ಯಾಟರಿಯಲ್ಲಿ ಕರೆಂಟು ಯಾವಾಗಲೂ ಇರುತ್ತದೆ, ಆಫ್ ಮಾಡುವ ಗುಂಡಿ ಇಲ್ಲ. ಅದರ ತುದಿಯಲ್ಲಿ ಪಿನ್ನು ಹೊರಗೆ ಕಾಣುವಂತಿದ್ದರೆ ಒಂದು ಸ್ಕ್ರೂಡ್ರೈವರ್ ಎರಡು ಪಿನ್ನಿಗೂ ತಾಗಿದರೆ ಸಾಕು, ಕಿಡಿ. ಅದಕ್ಕೇ ಕರೆಂಟು ಕೊಡುವ ಕಡೆ ತೂತು, ತಗೊಳ್ಳುವ ಕಡೆ ಪಿನ್ನು. ಮನೆಯ ಗೋಡೆಯಲ್ಲೂ ಹಾಗೇ, ತೂತಿರುವುದು ಗೋಡೆಯಲ್ಲಿ, ಪಿನ್ನಿರುವುದು ಮಿಕ್ಸಿಯ ವೈರಿನಲ್ಲಿ.

ಹಾಗಾಗಿ ಟಿಪ್ಪಣಿಯಲ್ಲಿ ಗಂಡು ಹೆಣ್ಣು ಎರಡನ್ನೂ ಬಿಟ್ಟೆ. 'ಗೂಟ' ಮತ್ತು 'ತೂತು' ಅಂತ ಬರೆದಿದ್ದೇನೆ. ಬೀಸುಕಲ್ಲಿನ ಕೆಳಗಿನ ಕಲ್ಲಿನ ನಡುವೆ ನಿಂತಿರುವುದೂ ಗೂಟವೇ ತಾನೆ? ಬರೆದ ಮೇಲೆ ಒಂದು ಲಾಭ ಕಂಡಿತು. ಬ್ಯಾಟರಿಗೆ ತೂತು, ಕಾರಿಗೆ ಗೂಟ. ಗೂಟದ ಕಾರು! ಮಂತ್ರಿಗಳ ಕಾರಿನ ತಲೆಯ ಮೇಲಿದ್ದ ಕೆಂಪು ದೀಪ 2017ರ ಮೇ 1ರಿಂದ ಹೋಯಿತು, ಆದರೆ 'ಗೂಟದ ಕಾರು' ಅನ್ನುವ ಮಾತು ಹೋಗಿಲ್ಲ. ಅಳಿಯನಿಗೆ ಹೇಳಿದೆ, ನಕ್ಕ. ಇನ್ನು ಅವನು ಮರೆಯಲ್ಲ. ನಿಮ್ಮೂರಿನ ಬಡಗಿಗಳು, ಪೈಪಿನ ಕೆಲಸದವರು ಇಂಥ ಜೋಡಿಗೆ ಏನನ್ನುತ್ತಾರೆ? ಗೂಟ ಸ್ವಲ್ಪ ಒರಟಾಯಿತು ಅನಿಸಿದರೆ ಅದನ್ನೂ ಹೇಳಿ.

ಎರಡನೆಯದು ಟಿನ್ನಿಂಗ್. ವೈರನ್ನು ಕನೆಕ್ಟರಿಗೆ ಬೆಸೆಯುವ ಮೊದಲು ಎರಡಕ್ಕೂ ಬೇರೆಬೇರೆಯಾಗಿ ಸೋಲ್ಡರ್ (ಕಾಯಿಸಿದರೆ ಕರಗುವ ಬೆಸುಗೆಯ ಲೋಹ) ಕುಡಿಸಿ ಇಟ್ಟುಕೊಳ್ಳಬೇಕು. ಇಲ್ಲಿ ಬಳಸುವ 12 ಗೇಜಿನ ಸಿಲಿಕೋನ್ ವೈರಿನಲ್ಲಿ ಸಾಮಾನ್ಯವಾಗಿ 680 ಎಳೆ ಇರುತ್ತವೆ, ಒಂದೊಂದೂ 0.08 ಮಿಲಿಮೀಟರ್. ಕೂದಲಿನ ಹಾಗೆ. (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ವೈರು ಸಣ್ಣ, 14 ಅಂದರೆ 12ಕ್ಕಿಂತ ತೆಳು. ಅಕ್ಕಸಾಲಿಗರು ತೂತಿನ ಅಚ್ಚಿನಲ್ಲಿ ತಂತಿ ಎಳೆಯುವುದನ್ನು ನೆನೆಸಿಕೊಂಡರೆ ಸಾಕು, ಹೆಚ್ಚು ಸಲ ಎಳೆದದ್ದು ಹೆಚ್ಚು ಸಣ್ಣ.) ಈ ಎಳೆಗಳ ಸಂದಿಗೆಲ್ಲ ಸೋಲ್ಡರ್ ಇಳಿದು ತುದಿ ಬೆಳ್ಳಗೆ ಮಿಂಚಬೇಕು. ಬ್ಯಾಟರಿ ಕಡೆಯ ಕನೆಕ್ಟರಿಗೆ ಅದರ ಜೋಡಿಯನ್ನು ಸಿಕ್ಕಿಸಿಟ್ಟುಕೊಂಡು ಬೆಸೆಯಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಲೋಹ ವಾಲಿಬಿಡುತ್ತದೆ. ಸಿಕ್ಕಿಸುವ ಜೋಡಿ ಖಾಲಿಯದಾಗಿರಲಿ, ವೈರು ಬೆಸೆದದ್ದು ಬೇಡ.

ಇದಕ್ಕೆ 'ತವರಲೇಪನ' ಅಂತ ಎಲ್ಲೋ ಓದಿದೆ. ಯಾಕೆ? ನಮ್ಮಲ್ಲಿ 'ಕಲಾಯಿ' ಇದೆಯಲ್ಲ! ಹಿತ್ತಾಳೆ ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಬಟ್ಟೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯಂತಾಗುತ್ತಿತ್ತು. ವೈರಿಗೆ ಮಾಡುವುದೂ ಅದೇ ಕೆಲಸ, ಅದೇ ತವರ. ನವಸಾಗರದ ಜಾಗದಲ್ಲಿ ರಾಳ, ಅಷ್ಟೇ. ಅಲ್ಲಿ ಹುಳಿ ತಾಗಿ ಕಿಲುಬು ಏಳಬಾರದು, ಇಲ್ಲಿ ಬೆಸುಗೆ ಚೆನ್ನಾಗಿ ಹಿಡಿಯಬೇಕು. ಕಲಾಯಿ ಅರಬಿ ಮೂಲದ ಮಾತು, ಅಲ್ಲಿ ತವರಕ್ಕೇ 'ಕಲಈ' ಅನ್ನುತ್ತಾರೆ. ಹಾಗಾಗಿ ಅರ್ಥವೂ ಸರಿಹೊಂದುತ್ತದೆ. ನನ್ನ ಮಟ್ಟಿಗೆ ಇದು ತೀರ್ಮಾನವಾದ ವಿಷಯ, 'ವೈರಿನ ತುದಿಗೆ ಕಲಾಯಿ ಹಾಕಿ' ಅಂತಲೇ ಬರೆದಿದ್ದೇನೆ. ಸುಮ್ನೆ ನಿಮ್ಮ ಕಿವಿಗೂ ಹಾಕಿದೆ.

ಮೂರನೆಯದರಲ್ಲಿ ನಿಜಕ್ಕೂ ನಿಮ್ಮ ಸಹಾಯ ಬೇಕು. 25 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ನಿನಲ್ಲಿ 12 ಗೇಜಿನ ವೈರು ಬೆಸೆಯಲು ಹೋದರೆ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಸೋಲ್ಡರ್ ಮೇಲೆ ಮುದ್ದೆಯಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಮಿಂಚಿಲ್ಲ, ಮಂಕು. ಮೂರು ಸುತ್ತು ಓಡಿದ ಮೇಲೆ ಕಾರು ತಟ್ಟನೆ ನಿಲ್ಲುತ್ತದೆ, ವೈರು ಕೈಗೆ ಬರುತ್ತದೆ. ಟಿವಿ ರಿಪೇರಿಯವರು ಇದಕ್ಕೆ 'ಡ್ರೈ ಸೋಲ್ಡರ್' ಅನ್ನುತ್ತಾರೆ. ಇದನ್ನು 'ಒಣ ಬೆಸುಗೆ' ಅಂತ ಬರೆಯಲು ನನಗೆ ಮನಸ್ಸಿಲ್ಲ. ಬೆಂಕಿ ಸಾಲದೆ ಬಂದದ್ದಕ್ಕೆ ಕನ್ನಡದಲ್ಲಿ ಒಣ ಅನ್ನುವುದಿಲ್ಲ, 'ಹಸಿ' ಅನ್ನುತ್ತೇವೆ. ಸುಡದ ಇಟ್ಟಿಗೆ ಹಸಿ ಇಟ್ಟಿಗೆ. ಹುರಿದದ್ದು ಸಾಲದಿದ್ದರೆ ಹಿಟ್ಟು ಹಸಿಹಸಿ. ಹಾಗಾದರೆ ಇದು 'ಹಸಿ ಬೆಸುಗೆ' ಆಗಬೇಕು. ಆದರೆ ಇಂಗ್ಲಿಷಿನಲ್ಲಿ ಒಣಗಿದ್ದು ಕನ್ನಡದಲ್ಲಿ ಹಸಿಯಾದರೆ ಎರಡೂ ಓದುವ ಹುಡುಗರು ನನ್ನನ್ನೇ ಹಿಡಿದು ಕೇಳುತ್ತಾರೆ. ಆ ಕಷ್ಟ ಒಂದು. ಹಸಿ ಅಂದರೆ ಈಗಷ್ಟೇ ಬೆಸೆದದ್ದು, ಇನ್ನೂ ಆರಿಲ್ಲ ಅಂತಲೂ ಕೇಳಿಸಬಹುದು, 'ಹಸಿ ಗೋಡೆ' ಅನ್ನುವ ಹಾಗೆ. ಅದು ಇನ್ನೊಂದು.

ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಕೂತು ಕೆಲಸ ಕಲಿತವರು ಇಲ್ಲಿ ಯಾರಾದರೂ ಇದ್ದೀರಾ? ನಿಮ್ಮ ಮೇಷ್ಟ್ರು ಇಂಥ ಬೆಸುಗೆ ಕಂಡಾಗ ಬೈಯುತ್ತಿದ್ದ ಮಾತು ಏನಾದರೂ ನೆನಪಿದೆಯೇ? ಅಚ್ಚು ಹಾಕಿಸುವಂಥದ್ದಾಗಿದ್ದರೆ ತಿಳಿಸಿ.