ಕಿಲ್ನ್‌ನಿಂದ ತೆಗೆದ ಗಾಜಿನ ತಟ್ಟೆ ಆಮೇಲೆ ಸೀಳ್ತಿದೆ, ಅನುಭವ ಇರೋರು ಹೇಳಿ

ತುಮಕೂರಿನಿಂದ:
ಗ್ಲಾಸ್ ಅಂಗಡಿಯಲ್ಲಿ ಕಿಟಕಿಗೆ ಕತ್ತರಿಸಿ ಉಳಿದ 4 ಮಿ.ಮೀ. ತುಂಡುಗಳನ್ನ ಎರಡು ಪದರ ಜೋಡಿಸಿ, ಗಾಜು ಕರಗಿಸೋ ಸಣ್ಣ ಎಲೆಕ್ಟ್ರಿಕ್ ಕುಲುಮೆ, ಅಂದ್ರೆ ಕಿಲ್ನ್‌ನಲ್ಲಿ ಅಲಂಕಾರದ ತಟ್ಟೆ ಮಾಡ್ತೀನಿ. ಬಣ್ಣಕ್ಕೆ ಮೇಲೆ ಬಳೆ ಚೂರು, ಆನ್‌ಲೈನಲ್ಲಿ ತರಿಸಿದ ಬಣ್ಣದ ಗಾಜು ಇಡ್ತೀನಿ. ತೆಗೆದಾಗ ಚೆನ್ನಾಗೇ ಇರತ್ತೆ, ಎರಡು ಮೂರು ದಿನ ಬಿಟ್ಟು ಇಟ್ಟಲ್ಲೇ ಟಿಕ್ ಅಂತ ಸೀಳತ್ತೆ. ಬೇಗ ತಣ್ಣಗಾಗ್ತಿದೆಯಾ? ಗಾಜಿನದೇ ತೊಂದರೆಯಾ?

ಕೋಲಾರದಿಂದ:
ಸೆಟ್ಟಿಂಗ್ ಬದಲಾಯಿಸೋ ಮೊದಲು ಸೀಳನ್ನ ಭೂತಗನ್ನಡಿ ಹಿಡಿದು ನೋಡಿ ಮೇಡಂ. ಅಂಚು ಕರಗಿ ಗುಂಡಗಾಗಿದ್ದರೆ ಶಾಖ ಏರುವಾಗಲೇ ಒಡೆದದ್ದು. ಚೂಪಾಗಿದ್ದರೆ ಇಳಿಯುವಾಗ, ಇಲ್ಲ ಆಮೇಲೆ. ಇನ್ನು ದಾರಿ ನೋಡಿ. ತಟ್ಟೆಗೆ ಅಡ್ಡಲಾಗಿ ಬಳುಕಿಕೊಂಡು ಹೋಗಿದ್ದರೆ ಅನೀಲಿಂಗ್ (ಬಿಸಿ ಗಾಜನ್ನ ನಿಧಾನ ತಣಿಸಿ ಒಳಗಿನ ಎಳೆತ ಬಿಡಿಸೋದು) ಸಾಲದು. ಬಣ್ಣದ ತುಂಡಿನ ಸುತ್ತ ಗೆರೆ ಎಳೆದ ಹಾಗೆ ಸುತ್ತಿಕೊಂಡಿದ್ದರೆ ಎರಡು ಗಾಜಿಗೂ ಹೊಂದಾಣಿಕೆ ಇಲ್ಲ, ಎಷ್ಟು ನಿಧಾನ ಇಳಿಸಿದರೂ ಪ್ರಯೋಜನವಿಲ್ಲ.

ಫ್ಯೂಸಿಂಗ್‌ಗೆ (ಕರಗಿಸಿ ಒಂದಾಗಿಸೋದಕ್ಕೆ) ಅಂತ ಮಾರುವ ಬಣ್ಣದ ಗಾಜಿನ ಮೇಲೆ 90 ಅಥವಾ 96 ಅಂತ ಇರತ್ತೆ, ಬಿಸಿಗೆ ಎಷ್ಟು ಹಿಗ್ಗತ್ತೆ ಅನ್ನೋ ಲೆಕ್ಕ ಅದು. ಕಿಟಕಿ ಗಾಜು ಸಾಮಾನ್ಯವಾಗಿ ಇವಕ್ಕಿಂತ ಕಡಿಮೆ ಹಿಗ್ಗತ್ತೆ. ಕರಗಿದಾಗ ಎಲ್ಲ ಒಂದೇ, ತಣ್ಣಗಾಗುವಾಗ ಒಂದು ಹೆಚ್ಚು ಕುಗ್ಗಿ ಇನ್ನೊಂದನ್ನ ಎಳೆಯತ್ತೆ. ಆ ಎಳೆತ ಒಳಗೇ ಉಳಿದಿರತ್ತೆ, ಅದಕ್ಕೇ ದಿನಗಳು ಕಳೆದ ಮೇಲೂ ಸೀಳೋದು.

ಎರಡು ಪದರಕ್ಕೆ ನಾನು ನಡೆಸೋದು ಹೀಗೆ: 540ರವರೆಗೆ ಗಂಟೆಗೆ 150 ಡಿಗ್ರಿ, ಪದರಗಳ ನಡುವಿನ ಗಾಳಿ ಹೋಗಲು 660ರಲ್ಲಿ ಅರ್ಧ ಗಂಟೆ, ಆಮೇಲೆ 820ರ ಆಸುಪಾಸು. ಅಲ್ಲಿಂದ ಬೇಗ 550ಕ್ಕೆ ಇಳಿಸಿ ಒಂದೂವರೆ ಗಂಟೆ ನಿಲ್ಲಿಸ್ತೀನಿ, 430ರವರೆಗೆ ಗಂಟೆಗೆ 50ರಂತೆ ಇಳಿಸ್ತೀನಿ. ನಂತರ ಮುಚ್ಚಳ ಮುಟ್ಟೋದೇ ಇಲ್ಲ, ಬೆಳಗ್ಗೆವರೆಗೂ. ಪ್ರತಿ ಕಿಲ್ನ್‌ನ ಥರ್ಮೋಕಪಲ್ (ಶಾಖ ಅಳೆಯೋ ತಂತಿ) ಬೇರೆ ಜಾಗದಲ್ಲಿ ಇರತ್ತೆ, ಹತ್ತಿಪ್ಪತ್ತು ಡಿಗ್ರಿ ನಿಮ್ಮದಕ್ಕೆ ಹೊಂದಿಸಿಕೊಳ್ಳಿ.

ಗೌರಿಬಿದನೂರಿನಿಂದ:
ವೋಲ್ಟೇಜ್ ಕೂಡ ನೋಡ್ಕೊಳಿ. 230ರ ಬದಲು 200 ಬಂದರೆ ಕಾಯಿಲ್‌ನ ಶಕ್ತಿ ಮುಕ್ಕಾಲಿಗೆ ಇಳಿಯತ್ತೆ, 800 ಮುಟ್ಟಲು ಗಂಟೆಗಟ್ಟಲೆ ಎಳೆಯತ್ತೆ. ಅಷ್ಟು ಹೊತ್ತು ಬಿಸಿಯಲ್ಲಿ ಕೂತರೆ ಕಿಟಕಿ ಗಾಜಿನ ಮೈ ಮಂಜು ಹಿಡಿದ ಹಾಗೆ ಮಂಕಾಗತ್ತೆ. ನಡುವೆ ಕರೆಂಟ್ ಹೋದರೆ ಇಣುಕಿ ನೋಡಬೇಡಿ, ಮುಚ್ಚಿದ್ದಷ್ಟೂ ಒಳ್ಳೇದು. ಕರೆಂಟ್ ಬಂದಾಗ ಮತ್ತೆ 550ಕ್ಕೆ ಏರಿಸಿ ಅನೀಲಿಂಗ್ ಮಾಡಿ.

ತುಮಕೂರಿನಿಂದ:
ನೋಡಿದೆ ಸಾರ್. ಸೀಳು ಆನ್‌ಲೈನಲ್ಲಿ ತರಿಸಿದ ನೀಲಿ ಗಾಜಿನ ಸುತ್ತಲೇ ಇದೆ, ಅಂಚು ಚೂಪು. ಬಳೆ ಇಟ್ಟ ಕಡೆ ಏನೂ ಆಗಿಲ್ಲ.

ಚಿಂತಾಮಣಿಯಿಂದ:
ಹಾಗಾದರೆ ನೀಲಿ ಗಾಜನ್ನ ಕಿಟಕಿ ಗಾಜಿಗೆ ಸೇರಿಸಬೇಡಿ ಅಕ್ಕ. ಅದೇ ನಂಬರಿನ ತಳ ತಂದು ಬೇರೆ ತಟ್ಟೆ ಮಾಡಿ, ಬಣ್ಣ ತುಂಬಾ ಚೆನ್ನಾಗಿ ಅರಳತ್ತೆ. ಬಳೆಯನ್ನೂ ಪೂರ್ತಿ ನಂಬಬೇಡಿ, ಒಂದೊಂದು ಡಜನ್ನಿನ ಗಾಜೂ ಬೇರೆ. ಒಂದು ಚೂರನ್ನ ಸಣ್ಣ ಕಿಟಕಿ ಗಾಜಿನ ಮೇಲೆ ಕರಗಿಸಿ, ಲ್ಯಾಪ್‌ಟಾಪ್ ಪರದೆ ಬೆಳ್ಳಗೆ ಮಾಡಿ ಅದರ ಮುಂದೆ ಹಿಡಿಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನ ಪರದೆ ಕಪ್ಪಾಗುವವರೆಗೂ ತಿರುಗಿಸಿ ಅದರ ಮೂಲಕ ನೋಡಿ. ಬಳೆಯ ಸುತ್ತ ಬೆಳಕಿನ ಉಂಗುರ ಕಂಡರೆ ಒಳಗೆ ಎಳೆತ ಇದೆ, ಕಪ್ಪಗೇ ಇದ್ದರೆ ಆ ಡಜನ್ನು ಬಳಸಿ. ಬಳೆಯ ಮೇಲಿನ ಚಿನ್ನದ ಬಣ್ಣ ಮಾತ್ರ ಆ ಶಾಖಕ್ಕೆ ಉಳಿಯೋದು ಕಷ್ಟ.

ಕಿಟಕಿ ಗಾಜಿಗೇ ಬಣ್ಣ ಬೇಕಿದ್ದರೆ ತೆಳುವಾದ ತಾಮ್ರದ ಹಾಳೆ ಕತ್ತರಿಸಿ ಎರಡು ಪದರಗಳ ನಡುವೆ ಇಡಿ. ಒಮ್ಮೆ ದಾಳಿಂಬೆ ಕೆಂಪು, ಇನ್ನೊಮ್ಮೆ ಹಸಿರು ನೀಲಿ, ಸುತ್ತ ಸಣ್ಣ ಗುಳ್ಳೆ. ನನಗೆ ಇದಕ್ಕಿಂತ ಇಷ್ಟವಾದದ್ದು ಬೇರೆ ಇಲ್ಲ. ಗಾಜು ಅಂಟದಿರಲಿ ಅಂತ ಕಿಲ್ನ್ ಒಳಗೆ ಬಳಿಯೋ ಕಿಲ್ನ್ ವಾಶ್ ಕೆರೆಯುವಾಗ, ಗಾಜಿನ ಕೆಳಗೆ ಹಾಸೋ ಫೈಬರ್ ಪೇಪರ್ ತೆಗೆಯುವಾಗ ಎನ್95 ಮಾಸ್ಕ್ ಹಾಕಿ, ಪುಡಿಯನ್ನ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.