ತಮ್ಮನ ರೂಮಿನ ಸಹವಾಸ, ಮ್ಯಾಗ ಒಂದು ಜಾಮೀನು: ಯಾವುದನ್ನ ಮೊದಲು ಹಿಡೀಬೇಕ್ರಿ?

ಕಾರಟಗಿ_ಅಣ್ಣ
ಎಲ್ಲರಿಗೂ ನಮಸ್ಕಾರ್ರಿ. ತಮ್ಮಗ 20 ವರ್ಷ. ಐಟಿಐ ಫಿಟ್ಟರ್ ಮುಗಿಸಿ ತೋರಣಗಲ್ಲಿನಾಗ ಕಾಂಟ್ರ್ಯಾಕ್ಟ್ ಮ್ಯಾಗ ಕೆಲಸ ಮಾಡ್ತಾನ. ಪಾಳಿ ಕೆಲಸ, ಒಂದು ರೂಮಿನಾಗ ನಾಕು ಹುಡುಗ್ರು. ಆರು ತಿಂಗಳದಾಗ ದಿನಕ್ಕ ಎಂಟ್ಹತ್ತು ಗುಟ್ಕಾ ಪ್ಯಾಕೆಟ್ ಆಗ್ಯಾವ, ಪಗಾರ ಹತ್ತು ದಿನಕ್ಕ ಖಾಲಿ. ಈಗ ರೂಮಿನವನೊಬ್ಬನ ಬೈಕ್ ಸಾಲಕ್ಕ ಜಾಮೀನು ಆಗ್ತೀನಿ ಅಂತಾನ. ಹುಡುಗ ಕೆಟ್ಟವನಲ್ಲ, ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ, ಅಷ್ಟ. ರೂಮ್ ಬಿಡಿಸಿ ಊರಿಗೆ ಕರಕೊಂಡು ಬಂದ್ರ ಕೆಲಸ ಹೋಗ್ತದ. ಹೆಜ್ಜೇನಿನ ತ್ರಿಪದಿ ನಮಗೂ ಬಾಯಿಪಾಠ ಅದ, ಅದನ್ನ ಹೇಳಬ್ಯಾಡ್ರಿ. ಮಾಡೋದೇನು, ಅದನ್ನ ಹೇಳ್ರಿ.

ಸಿಂಧನೂರು_ಲೆಕ್ಕ
ಅಣ್ಣಾರೆ, ಜಾಮೀನು ಮೊದಲು. ಗುಟ್ಕಾ ಮುಂದಿನ ತಿಂಗಳೂ ಬಿಡಿಸಬಹುದು. ಸಾಲದ ದುಡ್ಡು ಹೊರಗೆ ಹೋದ ಮೇಲೆ ಸಹಿ ಬಿಡಿಸೋಕೆ ಬರಲ್ಲ.

1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಬರೆಯದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಗೆಳೆಯನ ಬೆನ್ನು ಹತ್ತಿ, ಅವನು ಸಿಗದಿದ್ದರೆ ಮಾತ್ರ ಇವನ ಹತ್ತಿರ ಬರಬೇಕು ಅಂತ ಸಾಲ ಕೊಟ್ಟವರಿಗೆ ಕಡ್ಡಾಯವಿಲ್ಲ. ನೇರ ಇವನಿಗೇ ನೋಟಿಸ್ ಕಳಿಸಬಹುದು. ಬ್ಯಾಂಕಿನ ಕಂತು 90 ದಿನ ಮೀರಿ ನಿಂತರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಅಂತ ದಾಖಲಾಗುತ್ತೆ, ಆ ಕಲೆ ಜಾಮೀನುದಾರನ ಕ್ರೆಡಿಟ್ ವರದಿಯಲ್ಲೂ ಕೂರುತ್ತೆ. ನಾಳೆ ಇವನು ಮನೆ ಸಾಲಕ್ಕೆ ಹೋದಾಗ ಅದು ಎದ್ದು ಕಾಣುತ್ತೆ.

ಹುಡುಗರು ಮೋಸ ಹೋಗೋದು "ಬರೀ ಸಾಕ್ಷಿ ಸಹಿ ಕಣೋ" ಅನ್ನೋ ಮಾತಿಗೆ. ಸಹಿ ಹಾಕೋ ಗೆರೆಯ ಹತ್ತಿರ ಏನು ಅಚ್ಚಾಗಿದೆ ನೋಡಲಿ. 'ವಿಟ್ನೆಸ್' ಅಂದರೆ ಸಾಕ್ಷಿ. 'ಗ್ಯಾರಂಟರ್' ಅಂದರೆ ಜಾಮೀನು. 'ಕೋ-ಅಪ್ಲಿಕೆಂಟ್' ಅಂತಿದ್ದರೆ ಸಾಲ ಇವನೇ ತೆಗೆದಂತೆ. ಗೆರೆ ಖಾಲಿ ಇದ್ದರೆ ಪೆನ್ನು ತೆಗೀಲೇಬಾರದು.

ಇಲ್ಲ ಅನ್ನೋಕೆ ಬರದವನಿಗೆ ಕಾರಣ ಕಲಿಸಬೇಡಿ. ಪಗಾರ ಕಮ್ಮಿ ಅಂದರೆ "ಕಂತು ನಾನು ಕಟ್ಟತೀನಲ್ಲ" ಅಂತಾನೆ, ಒಂದೊಂದು ಕಾರಣಕ್ಕೂ ಒಂದೊಂದು ಉತ್ತರ ಇರುತ್ತೆ. ಒಂದೇ ವಾಕ್ಯ ಸಾಕು: "ನಮ್ಮ ಮನ್ಯಾಗ ಯಾರೂ ಜಾಮೀನು ಆಗಂಗಿಲ್ಲ, ಅಣ್ಣನ್ನ ಕೇಳು." ಕೆಟ್ಟವರು ನೀವಾಗಿ. ಅವನು ಅದೇ ರೂಮಿನಲ್ಲಿ ಮಲಗಬೇಕಲ್ಲ.

ಇನ್ನು ಪಗಾರ. 15,000 ಅಂತ ಹಿಡಿಯೋಣ. ಬಾಡಿಗೆ-ಊಟಕ್ಕೆ 6,000, ಆರ್‌ಡಿಗೆ (ತಿಂಗಳ ಕಂತಿನ ಠೇವಣಿ) 4,000, ಉಳಿದ 5,000 ಇನ್ನೊಂದು ಖಾತೆಗೆ ವಾರಕ್ಕೆ 1,250ರಂತೆ. ಫೋನ್‌ಪೇ ಆ ಎರಡನೇ ಖಾತೆಗೆ ಮಾತ್ರ ಜೋಡಿಸಿರಲಿ. ಕೆಡೋದು ಎಲ್ಲಿ ಅಂದರೆ, ಆರ್‌ಡಿ 5ನೇ ತಾರೀಕಿಗೆ ಇಡ್ತಾರೆ, ಕಾಂಟ್ರ್ಯಾಕ್ಟರ್ ಪಗಾರ ಹಾಕೋದು 10ಕ್ಕೆ. ಕಂತು ತಪ್ಪುತ್ತೆ, ದಂಡ ಬೀಳುತ್ತೆ, ಎರಡು ತಿಂಗಳಲ್ಲಿ "ಇದೆಲ್ಲ ಆಗೋದಲ್ಲ" ಅಂತ ಮುಚ್ಚಿಬಿಡ್ತಾರೆ. ಪಗಾರ ಬರೋ ಕೊನೇ ತಾರೀಕು ನೋಡಿ, ಅದರ ಮೇಲೆ ಎರಡು ದಿನ ಬಿಟ್ಟು ಇಡಿ.

ಜಾಮೀನಿಗಿಂತ ಅಪಾಯದ ಇನ್ನೆರಡು ಇವೆ. "ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ತೆಗೆದು ಕೊಡು" ಅನ್ನೋದು ಒಂದು, "ನಿನ್ನ ಹೆಸರಲ್ಲಿ ಒಂದು ಸಿಮ್ ಕೊಡಿಸು" ಅನ್ನೋದು ಇನ್ನೊಂದು. ಆ ದುಡ್ಡು ಸೈಬರ್ ವಂಚನೆಯದಾಗಿದ್ದರೆ ಪೊಲೀಸರು ಮೊದಲು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಅವನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಅವನ ನಂಬರ್ ಹಾಕಿ ಇವತ್ತೇ ನೋಡಿ.

ರಾಯಚೂರು_ಆಪ್ತಸಮಾಲೋಚಕಿ
ಗುಟ್ಕಾ ಬಗ್ಗೆ ನಾನು ಹೇಳುತ್ತೇನೆ. "ಗೆಳೆಯರನ್ನು ಬಿಡು" ಎಂದರೆ ಇಪ್ಪತ್ತರ ಹುಡುಗ ಬಿಡುವುದಿಲ್ಲ. ಚಟ ಗೆಳೆಯನಿಗಿಂತ ಹೆಚ್ಚಾಗಿ ಹೊತ್ತಿಗೆ ಮತ್ತು ಜಾಗಕ್ಕೆ ಅಂಟಿಕೊಂಡಿರುತ್ತದೆ. ಮೂರು ದಿನ ಒಂದು ಚೀಟಿಯಲ್ಲಿ ಬರೆಯಲಿ: ಎಷ್ಟೊತ್ತಿಗೆ, ಎಲ್ಲಿ ನಿಂತು, ಯಾರು ಕೊಟ್ಟರು. ಹತ್ತು ಪ್ಯಾಕೆಟ್‌ನಲ್ಲಿ ಬಹಳಷ್ಟು ಪಾಳಿ ಬಿಟ್ಟ ಮೇಲಿನ ಅರ್ಧ ಗಂಟೆಯಲ್ಲಿ, ಗೇಟ್ ಮುಂದಿನ ಚಹಾದಂಗಡಿಯಲ್ಲಿ ಬಿದ್ದಿರುವುದು ಕಾಣುತ್ತದೆ. ಆ ಅರ್ಧ ಗಂಟೆಯನ್ನಷ್ಟೇ ಮೊದಲು ಬದಲಿಸಿ. ಪಾಳಿ ಬಿಟ್ಟ ಕೂಡಲೇ ನಿಮಗೆ ಫೋನ್ ಮಾಡುತ್ತಾ ರೂಮಿಗೆ ನಡೆದು ಬಿಡಲಿ, ಸ್ನಾನ ಮಾಡಲಿ, ಚಹಾ ಆಮೇಲೆ.

ನಿಕೋಟಿನ್ ಬಿಟ್ಟಾಗ ಸಿಡುಕು, ತಲೆನೋವು, ನಿದ್ದೆಗೇಡು ಎರಡು-ಮೂರನೇ ದಿನ ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಹಾಗಾಗಿ ವಾರದ ರಜೆಯ ಹಿಂದಿನ ದಿನ ಬಿಡಿಸಿ, ಕೆಟ್ಟ ದಿನಗಳಲ್ಲಿ ಒಂದಾದರೂ ಮನೆಯಲ್ಲಿ ಕಳೆಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬಾಯಿಗೆ ಹಾಕುವವನಾಗಿದ್ದರೆ ವೈದ್ಯರನ್ನು ಕೇಳಿ 4 ಮಿ.ಗ್ರಾಂ ನಿಕೋಟಿನ್ ಗಮ್, ಇಲ್ಲದಿದ್ದರೆ 2 ಮಿ.ಗ್ರಾಂ. ಇದನ್ನು ಗುಟ್ಕಾದಂತೆ ಅಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ ಬರುತ್ತದೆ. "ಗಮ್ ಆಗಲಿಲ್ಲ" ಎಂದು ಬಿಸಾಡುವವರಲ್ಲಿ ಬಹಳ ಮಂದಿ ಮಾಡುವ ತಪ್ಪು ಇದೇ. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಇಡಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ 15 ನಿಮಿಷ ಚಹಾ, ಕಾಫಿ, ಸೋಡಾ ಬೇಡ.

ಗುಟ್ಕಾದಲ್ಲಿ ತಂಬಾಕಿನ ಜೊತೆ ಅಡಿಕೆಯೂ ಇದೆ. "ತಂಬಾಕು ಬಿಟ್ಟೆ, ಬರೀ ಅಡಿಕೆ ಹಾಕ್ತೀನಿ" ಎಂಬ ಸಮಾಧಾನ ಬೇಡ. ಅಡಿಕೆಯೂ ಕ್ಯಾನ್ಸರ್‌ಕಾರಕವೇ, ಬಾಯಿ ಬಿಗಿಯುವುದೂ ಅದರಿಂದಲೇ. ಬದಲಿಗೆ ಸೋಂಪು, ಲವಂಗ ಜೇಬಿನಲ್ಲಿರಲಿ. ಒಗ್ಗರಣೆ-ಮಿರ್ಚಿ ತಿಂದಾಗ ಮೊದಲಿಗಿಂತ ಹೆಚ್ಚು ಉರಿಯುತ್ತಿದೆಯೇ ಕೇಳಿ. ಅವನದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಾಕಿ ನೋಡಿಕೊಳ್ಳಲಿ. ಹೋಗದಿದ್ದರೆ ಅಥವಾ ಒಳಗೆ ಬಿಳಿ ಮಚ್ಚೆ ಕಂಡರೆ ಗಮ್ ತರುವ ಮುಂಚೆ ದಂತ ವೈದ್ಯರಿಗೆ ತೋರಿಸಿ. ತಂಬಾಕು ಬಿಡುವವರಿಗೆ ಉಚಿತ ಸಹಾಯವಾಣಿ 1800-11-2356.

ಸಿರುಗುಪ್ಪ_ಗರಡಿ
ಮೇಲಿನವರು ಹೇಳಿದ್ದಕ್ಕೆ ತಕರಾರಿಲ್ಲ, ಆದರ ಎಲ್ಲಾ ರೂಮಿನವರ ತಲಿಗೆ ಕಟ್ಟಬ್ಯಾಡ್ರಿ. ಹುಡುಗ ತನ್ನಂಥವರನ್ನ ಆರಿಸಿಕೊಂಡಿರ್ತಾನ, ಆಮ್ಯಾಗ ಅವರು ಇವನನ್ನ ತಿದ್ದತಾರ, ಎರಡೂ ಖರೆ. 2005ರಾಗ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನೋರು ಗಾಡಿ ಓಡಿಸೋ ಆಟದಾಗ ಇದನ್ನ ಅಳದು ನೋಡಿದ್ರು. ಗೆಳೆಯರು ಬಾಜೂಕ ಇದ್ದಾಗ 13ರಿಂದ 16ರ ಹುಡುಗ್ರು ಬಹಳ ಹೆಚ್ಚು ಅಪಾಯಕ್ಕ ಕೈ ಹಾಕಿದ್ರು, 18ರಿಂದ 22ರವರು ಅದಕ್ಕಿಂತ ಕಮ್ಮಿ, 24 ದಾಟಿದವರಿಗೆ ಅಂಥಾ ಫರಕೇನೂ ಆಗಲಿಲ್ಲ. ನಿಮ್ಮ ತಮ್ಮ ನಡುವಿನ ಗುಂಪಿನಾಗ ಇದ್ದಾನ.

ನಾಕು ಮಂದಿಯನ್ನೂ ಬದಲಿ ಮಾಡೋದು ಬ್ಯಾಡ, ಒಬ್ಬ ಸಾಕು. 1950ರ ದಶಕದಾಗ ಸೊಲೊಮನ್ ಆಶ್ ಮಾಡಿದ ಗೆರೆ ಅಳೆಯೋ ಪ್ರಯೋಗದಾಗ, ಕುಂತವರೆಲ್ಲಾ ಬೇಕಂತ ತಪ್ಪು ಹೇಳಿದಾಗ ಸುಮಾರು ಮೂರರಾಗ ಒಂದು ಸಲ ಜನ ಕಣ್ಣಿಗೆ ಕಂಡಿದ್ದು ಬಿಟ್ಟು ಅದೇ ತಪ್ಪು ಹೇಳಿದ್ರು. ಗುಂಪಿನಾಗ ಒಬ್ಬನ ಒಬ್ಬ ಸರಿ ಹೇಳಿದ್ರ ಸಾಕಿತ್ತು, ಅದು ಧಡಕ್ಕನೆ ಇಳೀತು. ಆ ರೂಮಿನಾಗ ಗುಟ್ಕಾ ಹಾಕದಿರೋ ಹುಡುಗ, ಇಲ್ಲಾ ಮನಿಗೆ ದುಡ್ಡು ಕಳಿಸೋ ಹುಡುಗ ಯಾರು ಅಂತ ಕೇಳ್ರಿ. ಅವನ ಪಾಳಿಗೇ ತಮ್ಮನ ಪಾಳಿ ಹೊಂದಿಸಿಕೊಳ್ಳಾಕ ಸೂಪರ್‌ವೈಸರ್ ಹತ್ರ ಕೇಳಲಿ. ಅಡಿಗಿ ಇಬ್ಬರೂ ಕೂಡಿ ಮಾಡಲಿ.

ಆಮ್ಯಾಗ ಇವನು ಬರದಿದ್ರ "ಯಾಕ ಬಂದಿಲ್ಲ" ಅಂತ ಕೇಳೋ ಒಂದು ಜಾಗ ಬೇಕು. ಜಿಮ್‌ನಾಗ ಯಾರೂ ಕೇಳಂಗಿಲ್ಲ, ಫೀ ಕಟ್ಟಿದ್ರ ಮುಗೀತು. ಗರಡಿ ಮನ್ಯಾಗ ಜೋಡಿ ಇಲ್ಲದ ಕುಸ್ತಿ ಇಲ್ಲ. ವಾಲಿಬಾಲ್‌ಗೆ ಆರು ಮಂದಿ ಬೇಕು. ನಮ್ಮ ಕಡಿ ಬಯಲಾಟದ ತಾಲೀಮು ಅಂತೂ ಇನ್ನೂ ಚಲೋ: ಸಣ್ಣ ಪಾತ್ರ ಹಿಡಿದ್ರೂ ಇವನ ಮಾತು ಬಂದಾಗ ಆಟ ನಿಂತು ಬಿಡ್ತದ, ಮಾಸ್ತರು ಮನಿಗೇ ಮಂದಿ ಕಳಿಸ್ತಾರ. ವಾರಕ್ಕ ಮೂರು ದಿನ ಆದ್ರೂ ಪಾಳಿಗೆ ಹೊಂದೋದನ್ನ ಹುಡುಕ್ರಿ. ದಿನಾಲೂ ಅಂದ್ರ ರಾತ್ರಿ ಪಾಳಿ ವಾರದಾಗ ತಪ್ಪತದ, ತಪ್ಪಿದ ಮ್ಯಾಗ ಹೋಗಾಕ ನಾಚಿಕಿ ಪಡತಾನ.

ಕಾರಟಗಿ_ಅಣ್ಣ
ಎಲ್ಲರಿಗೂ ಭಾಳ ಉಪಕಾರ ಆತ್ರಿ. ಈಗ ಫೋನ್ ಮಾಡಿ ಕೇಳಿದೆ. ಅರ್ಜಿಗೆ ಸಹಿ ಮಾಡ್ಯಾನಂತ, ಎರಡು ಖಾಲಿ ಚೆಕ್ಕೂ ಗೆಳೆಯನ ಕೈಗೆ ಕೊಟ್ಟಾನಂತ. ಸಾಲ ಇನ್ನೂ ಮಂಜೂರಾಗಿಲ್ಲ.

ಸಿಂಧನೂರು_ಲೆಕ್ಕ
ಮಂಜೂರಾಗಿಲ್ಲ ಅಂದರೆ ಹೊತ್ತು ಮೀರಿಲ್ಲ. ಇವತ್ತೇ ಸಾಲ ಕೊಡುವವರಿಗೆ ಒಂದು ಪತ್ರ: "ಇಂಥವರ ಅರ್ಜಿಗೆ ಜಾಮೀನು ನಿಲ್ಲಲು ಕೊಟ್ಟ ಒಪ್ಪಿಗೆ ಹಿಂಪಡೆದಿದ್ದೇನೆ, ಸಾಲ ವಿತರಿಸುವಾಗ ನನ್ನನ್ನು ಜಾಮೀನುದಾರ ಎಂದು ಪರಿಗಣಿಸಬಾರದು." ಕೈಯಾರೆ ಕೊಟ್ಟು ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ, ಜೊತೆಗೆ ಸ್ಪೀಡ್ ಪೋಸ್ಟ್ ಕೂಡ. ಚೆಕ್ ವಾಪಸ್ ಇಸ್ಕೊಳ್ಳಿ. ಬ್ಯಾಂಕಿನಲ್ಲಿ 'ಸ್ಟಾಪ್ ಪೇಮೆಂಟ್' ಮಾಡಿಸಿಬಿಟ್ಟರೆ ಮುಗೀತು ಅಂದ್ಕೋಬೇಡಿ. ಬಾಕಿ ಇರೋ ಸಾಲಕ್ಕೆ ಹಾಕಿದ ಚೆಕ್ ಹಾಗೆ ನಿಂತರೂ ಚೆಕ್ ಬೌನ್ಸ್ ಕೇಸು (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು) ಆಗುತ್ತೆ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೇ ಪತ್ರದಲ್ಲಿ ಚೆಕ್ ನಂಬರ್ ಎರಡೂ ಬರೆದು, ಖಾಲಿ ಕೊಟ್ಟಿದ್ದು, ಇವನಿಂದ ಯಾವ ಬಾಕಿಯೂ ಇಲ್ಲ ಅಂತ ದಾಖಲಿಸಿ. ನಂಬರ್ ನೆನಪಿಲ್ಲದಿದ್ದರೆ ಚೆಕ್ ಬುಕ್ಕಿನಲ್ಲಿ ಉಳಿದ ಹಾಳೆ ನೋಡಿ, ಹಿಂದಿನ ಎರಡು ನಂಬರ್ ಸಿಗುತ್ತೆ.

ಕಾರಟಗಿ_ಅಣ್ಣ
ನಾಳೆ ವಾರದ ರಜಾ ಅದ, ಮುಂಜಾನೆ ಬಸ್ಸಿಗೆ ನಾನೇ ತೋರಣಗಲ್ಲಿಗೆ ಹೊಂಟೆ. ಚೆಕ್ ಬುಕ್ ತೆಗೆದಿಡು ಅಂದೀನಿ. ಬಯಲಾಟದ ಮಾತೂ ತೆಗೆದೆ, "ಪಾತ್ರ ಯಾವುದು" ಅಂತ ಕೇಳಿದ.